ದಿನದ ಬಾಡಿಗೆಯ ಮನೆ: ಒಂದೂವರೆ ಲಕ್ಷ ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು?

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರು 1986ರಲ್ಲಿ ಕಟ್ಟಿಸಿದ ಮನೆ ಇದೆ. ಕೆಳಗೆ ನಾವಿದ್ದೇವೆ. ಮೇಲಿನ ಮನೆ ಎರಡು ವರ್ಷದಿಂದ ಖಾಲಿ ಬಿದ್ದಿದೆ. ಎರಡು ಬೆಡ್‌ರೂಮು, ಪಡಸಾಲೆ, ಅಡುಗೆಮನೆ. ಎರಡು ಮೂರು ದಿನಕ್ಕೆ ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡೋಣ ಅಂತ ಯೋಚಿಸಿದ್ದೇನೆ. ನನ್ನ ಹತ್ತಿರ ಇರುವುದು ಒಂದೂವರೆ ಲಕ್ಷ. ಒಬ್ಬ ಗುತ್ತಿಗೆದಾರರು ಫಾಲ್ಸ್ ಸೀಲಿಂಗ್, ವಾಲ್‌ಪೇಪರ್, ಎಲ್‌ಇಡಿ ಪಟ್ಟಿ, ರೇನ್ ಶವರ್, ಹೊಸ ಮಂಚ ಎಲ್ಲ ಸೇರಿ 3.4 ಲಕ್ಷ ಅಂದರು. ಅಷ್ಟು ಮಾಡದಿದ್ದರೆ ಫೋಟೋ ನೋಡಿ ಯಾರೂ ಬರುವುದಿಲ್ಲ ಅಂತ ಅಳಿಯನೂ ಹೇಳುತ್ತಾನೆ. ಮಳೆಗಾಲದಲ್ಲಿ ಪಡುವಣ ಗೋಡೆಯ ಮೇಲ್ಭಾಗ ಹಸಿಯಾಗುತ್ತದೆ. ಮಾವನ ಕಾಲದ ಸಾಗವಾನಿ ಮಂಚ ಎರಡಿವೆ, ಒಂದೊಂದು ಮೂರಡಿ ಅಗಲ. ಅತ್ತೆಯ ಪೆಟ್ಟಿಗೆಯಲ್ಲಿ ನವಲಗುಂದದ ಜಮಖಾನವೊಂದಿದೆ. ಹಳೆಯದನ್ನೆಲ್ಲ ಮಾರಿ ಹೊಸದು ತರಬೇಕೇ? ಏಸಿ ಬೇಕೇ? ಬಿಳಿ ಬೆಡ್‌ಶೀಟೇ ಹಾಕಬೇಕಂತೆ, ಎಣ್ಣೆ, ಅರಿಸಿನದ ಕಲೆ ಬಿದ್ದರೆ ಏನು ಮಾಡಲಿ?
ಓದುಗರು, ಧಾರವಾಡ

ಉತ್ತರ: ನೀವು ಕೇಳಿರುವುದು ಮಂಚ, ಏಸಿ, ಬೆಡ್‌ಶೀಟಿನ ಬಗ್ಗೆ. ಆದರೆ ಅದರ ಹಿಂದೆ ಒಂದು ಅಳುಕು ಕಾಣುತ್ತದೆ: "ನಮ್ಮ ಮನೆ ಹಳೇದು, ಸಾದಾ ಇದೆ, ಇಂಥ ಮನೆಗೆ ಯಾರು ಬರ್ತಾರೆ?" ಮೊದಲು ಅದಕ್ಕೇ ಉತ್ತರ ಹೇಳಿಬಿಡುತ್ತೇನೆ.

ಧಾರವಾಡಕ್ಕೆ ಎರಡು ದಿನ ಇರೋಕೆ ಬರುವವರು ಯಾರು? ಮಗಳನ್ನು ಕೃಷಿ ವಿಶ್ವವಿದ್ಯಾಲಯಕ್ಕೋ ಐಐಟಿಗೋ ಸೇರಿಸಲು ಬಂದ ತಂದೆತಾಯಿ. ಹೈಕೋರ್ಟ್ ಪೀಠದಲ್ಲಿ ಕೇಸಿರುವವರು. ಸತ್ತೂರಿನ ಆಸ್ಪತ್ರೆಯಲ್ಲಿ ಯಾರನ್ನೋ ಸೇರಿಸಿ ರಾತ್ರಿ ಮಲಗಲು ಜಾಗ ಹುಡುಕುವವರು. ಪರೀಕ್ಷೆ ಬರೆಯಲು ಬಂದ ಹುಡುಗರು. ಮದುವೆಗೆ ಬಂದ ಎಂಟು ಜನರ ಕುಟುಂಬ, ಜೊತೆಗೆ ಒಂದು ಬುಟ್ಟಿ ರೊಟ್ಟಿ. ದಾಂಡೇಲಿಗೆ ಹೊರಟು ದಾರಿಯಲ್ಲಿ ಒಂದು ರಾತ್ರಿ ತಂಗುವವರೂ ಒಂದಷ್ಟು. ಮಾಳಮಡ್ಡಿಯಿಂದ ರೈಲ್ವೆ ಸ್ಟೇಷನ್ ಹತ್ತಿರ, ಬೆಳಗಿನ ಜಾವದ ಗಾಡಿಗೆ ಬಂದಿಳಿಯುವವರೂ ಇರುತ್ತಾರೆ. ಇವರಲ್ಲಿ ಫಾಲ್ಸ್ ಸೀಲಿಂಗ್ ನೋಡಿ ಬರುವವರು ಎಷ್ಟು ಜನ? ನಾನು ಅವಳಿ ನಗರದಲ್ಲಿ ಹದಿನೆಂಟು ವರ್ಷದಿಂದ ಮನೆ ಒಳವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಅತಿಥಿಗಳ ದೂರು ಎಷ್ಟೋ ಕೇಳಿದ್ದೇನೆ. "ಗಾದಿ ತಗ್ಗು ಬಿದ್ದಿತ್ತು", "ಬಚ್ಚಲದಾಗ ನೀರು ನಿಲ್ತಿತ್ತು", "ಸೊಳ್ಳಿ ಕಾಟ", "ಫೋನ್ ಚಾರ್ಜ್ ಮಾಡಾಕ ಹಾಸಿಗಿ ಹತ್ರ ಪ್ಲಗ್ ಇರಲಿಲ್ಲ". "ಸೀಲಿಂಗ್ ಸಾದಾ ಇತ್ತು" ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಬಂದವರ ಮೈಗೆ ತಾಗುವ ವಸ್ತುವಿಗೆ ದುಡ್ಡು ಹಾಕಿ. ಬರೀ ಕಣ್ಣಿಗೆ ಕಾಣುವುದಕ್ಕೆ ಮನೆಯಲ್ಲಿ ಇರುವುದನ್ನೇ ಬಳಸಿ. ಗುತ್ತಿಗೆದಾರರ ಪಟ್ಟಿ ಇದಕ್ಕೆ ಸರೀ ಉಲ್ಟಾ ಇದೆ.

ಗೋಡೆಯ ಹಸಿಯಿಂದ ಶುರು ಮಾಡೋಣ. ಅದು ನಿಲ್ಲುವ ತನಕ ಉಳಿದದ್ದೆಲ್ಲ ನೀರಲ್ಲಿ ಹೋಮ. ವಾಲ್‌ಪೇಪರ್ ಹಚ್ಚಿದರೆ ಹಸಿ ಮುಚ್ಚುತ್ತದೆ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಗೆ ಫೆಬ್ರವರಿಯಲ್ಲಿ ಚೆಂದದ ಬೂದು ಬಣ್ಣದ ವಾಲ್‌ಪೇಪರ್ ಹಚ್ಚಿಸಿದೆ. ಆಗಸ್ಟಿನಲ್ಲಿ ಮನೆಯವರು ಫೋನ್ ಮಾಡಿ ಕರೆದರು. ಮೂಲೆಯಲ್ಲಿ ಕಾಗದ ಉಬ್ಬಿತ್ತು. ಉಗುರಿನಿಂದ ಎಳೆದೆ, ಹೋಳಿಗೆ ಕಣಕದ ಹಾಗೆ ಮೆತ್ತಗೆ ಬಿಟ್ಟುಕೊಂಡು ಬಂತು. ಹಿಂದೆ ಗೋಡೆ ತುಂಬ ಕರಿ ಚುಕ್ಕೆ, ಬೂಷ್ಟು. ವಾಸನೆ ಹೇಗಿತ್ತೆಂದರೆ ಒದ್ದೆ ಗೋಣಿಚೀಲ ಬಿಚ್ಚಿದ ಹಾಗೆ. ಪೂರ್ತಿ ಕಿತ್ತು ನನ್ನ ಖರ್ಚಿನಲ್ಲೇ ಬಣ್ಣ ಹಚ್ಚಿಸಿಕೊಟ್ಟೆ. ಅವತ್ತಿನಿಂದ ಮಳೆ ತಾಗುವ ಗೋಡೆಗೆ ನಾನು ಕಾಗದ ಮುಟ್ಟಿಸಿಲ್ಲ.

ನಿಮ್ಮ ಮನೆಯಲ್ಲಿ ಹಸಿ ಮೇಲ್ಭಾಗದಲ್ಲಿದೆ, ಅದೂ ಪಡುವಣ ಗೋಡೆಯಲ್ಲಿ. ನೆಲದಿಂದ ಏರುವ ಹಸಿ ಸಾಮಾನ್ಯವಾಗಿ ಗೋಡೆಯ ಬುಡದ ಮೂರು ಅಡಿಯಲ್ಲೇ ಇರುತ್ತದೆ, ಮತ್ತೆ ನಿಮ್ಮದು ಮೇಲಿನ ಮಹಡಿ. ಹಾಗಾಗಿ ಇದು ಟೆರೇಸಿನಿಂದ ಇಳಿದ ನೀರು, ಇಲ್ಲವೇ ಹೊರಗೋಡೆಗೆ ಬಡಿದ ಮಳೆ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದಲೇ ಬೀಸುತ್ತದೆ, ಅಲ್ವಾ. ಆ ಗೋಡೆಗೇ ಪೆಟ್ಟು ಜಾಸ್ತಿ. ಮೊದಲು ನೋಡಬೇಕಾದ ಜಾಗ ಮೂರು. ಟೆರೇಸಿನ ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬ್ ಕೂಡುವ ಮೂಲೆಯಲ್ಲಿ ಸೀಳಿದೆಯಾ? ಮಳೆನೀರು ಇಳಿಯುವ ಪೈಪಿನ ಬಾಯಿಗೆ ಎಲೆ, ಮಣ್ಣು ಕಟ್ಟಿದೆಯಾ? ಕಿಟಕಿ ಮೇಲಿನ ಛಜ್ಜಾದ ಕೆಳಗಡೆ ನೀರು ಕತ್ತರಿಸುವ ಗೀರು ಇದೆಯಾ? ಈ ಮೂರನೆಯದು ಹಳೆ ಮನೆಗಳಲ್ಲಿ ಬಹಳ ಸಲ ಇರುವುದೇ ಇಲ್ಲ. ನೀರು ಛಜ್ಜಾದ ಕೆಳಗೇ ಹರಿದು ಬಂದು ಗೋಡೆ ಕುಡಿಯುತ್ತದೆ.

ಟೆರೇಸಿನ ಮೇಲೆ ಅನುಮಾನವಿದ್ದರೆ ಬೇಸಿಗೆಯಲ್ಲೇ ಪರೀಕ್ಷೆ ಮಾಡಬಹುದು. ಪೈಪಿನ ಬಾಯಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಡಿ. ಒಳಗೆ ತೇವ ಮೂಡಿದರೆ ಜಾಗ ಸಿಕ್ಕಿತು. ಗಾರೆಯವರಿಂದ ಮೂಲೆ ಸೀಳು ತುಂಬಿಸಿ, ಮೇಲೆ ವಾಟರ್‌ಪ್ರೂಫ್ ಲೇಪ ಹಾಕಿಸಿ. ಮೇ ಮುಗಿಯುವುದರೊಳಗೆ ಈ ಕೆಲಸ ಆಗಬೇಕು. ಲೇಪ ಬಿಳಿಯದೇ ಇರಲಿ, ಯಾಕೆ ಅನ್ನುವುದನ್ನು ಏಸಿ ವಿಷಯ ಬಂದಾಗ ಹೇಳುತ್ತೇನೆ. ಒಳಗಿನ ಬಣ್ಣಕ್ಕೆ ಅವಸರ ಬೇಡ. ಹಸಿ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಒಂದು ಮಳೆಗಾಲ ನೋಡಿ, ಒಣಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಆ ಗೋಡೆಗೆ ಬಣ್ಣ ಹಚ್ಚಿಸಿ. ಅಲ್ಲಿಯವರೆಗೆ ಮನೆ ಖಾಲಿ ಇಡಬೇಕಂತಿಲ್ಲ. ಒಂದು ಗೋಡೆ ಸ್ವಲ್ಪ ಮಾಸಿದ್ದರೆ ಅತಿಥಿ ಓಡಿ ಹೋಗುವುದಿಲ್ಲ. ಬೂಷ್ಟಿನ ವಾಸನೆಗೆ ಓಡಿ ಹೋಗುತ್ತಾರೆ.

ಇದೇ ಕಾರಣಕ್ಕೆ ಫಾಲ್ಸ್ ಸೀಲಿಂಗೂ ಬೇಡ. ಸೋರುವ ಸ್ಲ್ಯಾಬಿನ ಕೆಳಗೆ ಜಿಪ್ಸಂ ಹಲಗೆ ಕಟ್ಟಿದರೆ ಸೋರಿಕೆ ಕಾಣುವುದು ಹಲಗೆ ನೆನೆದು ಜೋತಾಡಿದಾಗಲೇ. ಅಷ್ಟೊತ್ತಿಗೆ ಮಂಚದ ಮೇಲೆ ಯಾರಾದರೂ ಮಲಗಿರುತ್ತಾರೆ.

ಇನ್ನು ರೇನ್ ಶವರ್. ಫೋಟೋದಲ್ಲಿ ಚೆಂದ. ಆದರೆ ನೀರಿನ ಒತ್ತಡ ಬರುವುದು ಎತ್ತರದಿಂದ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್, ಅಗಲ ತಲೆಯ ಶವರ್ ಸರಿಯಾಗಿ ಸುರಿಯಲು ಹೆಚ್ಚುಕಡಿಮೆ ಅಷ್ಟೇ ಬೇಕು. ನಿಮ್ಮ ಟಾಕಿ ಇರುವುದು ಅದೇ ಮಹಡಿಯ ನೆತ್ತಿಯ ಮೇಲೆ. ಶವರಿನಿಂದ ಟಾಕಿಯ ತಳಕ್ಕೆ ಏಳೆಂಟು ಅಡಿ ಇದ್ದರೆ ಹೆಚ್ಚು. ಅಂದರೆ ಕಾಲು ಬಾರ್ ಆಸುಪಾಸು. ರೇನ್ ಶವರ್ ಹಾಕಿಸಿದರೆ ಮಳೆ ಬರುವುದಿಲ್ಲ, ಮಾಳಿಗೆ ಸೋರಿದ ಹಾಗೆ ನಾಲ್ಕು ಎಳೆ ಬರುತ್ತದೆ. ಪ್ರೆಷರ್ ಪಂಪ್ ಹಾಕಿಸಬಹುದು, ಆದರೆ ಅದು ಇನ್ನೊಂದು ಖರ್ಚು, ಇನ್ನೊಂದು ಸದ್ದು, ಕೆಟ್ಟರೆ ಇನ್ನೊಂದು ಫೋನು. ಮೇಲಾಗಿ ಅವಳಿ ನಗರದಲ್ಲಿ ಎಷ್ಟೋ ಬಡಾವಣೆಗೆ ಇನ್ನೂ ಮಲಪ್ರಭೆ ನೀರು ಪಾಳಿ ಮೇಲೆ ಬರುತ್ತದೆ. ನೀರು ಹಿಡಿದು ಬದುಕುವ ಊರಲ್ಲಿ ಅಂಥ ಶವರ್ ಯಾಕೆ ಬೇಕು?

ಬದಲಿಗೆ ಒಂದು ಸಣ್ಣ ಕೈ ಶವರ್ ಹಾಕಿ. ಜೊತೆಗೆ ಒಳ್ಳೆಯ ದಪ್ಪ ಬಕೆಟ್, ಚೊಂಬು, ಕೂತು ಸ್ನಾನ ಮಾಡುವ ವಯಸ್ಸಾದವರಿಗೆ ಒಂದು ಸ್ಟೂಲು. ನಗಬೇಡಿ. ಸ್ಟೂಲು ಇಟ್ಟ ಮನೆಯನ್ನು ಜನ ನೆನಪಿಟ್ಟುಕೊಂಡು ಮತ್ತೆ ಬರುತ್ತಾರೆ. ಗೀಸರ್ 15 ಲೀಟರಿನದು ಸಾಕು. ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿನಲ್ಲಿ ಬಕೆಟ್ ತುಂಬಿಸುತ್ತ ಕೂತರೆ ಬೆಳಗ್ಗೆ ಎಂಟು ಗಂಟೆಗೆ ಕೋರ್ಟಿಗೆ ಹೊರಟವರು ಬೈದುಕೊಳ್ಳುತ್ತಾರೆ. ಬಚ್ಚಲಿನ ನೆಲದಲ್ಲಿ ನೀರು ನಿಂತರೆ ಇಳಿಜಾರು ಸರಿಮಾಡಿಸಿ, ಟೈಲ್ಸ್ ಬದಲಿಸುವ ಮೊದಲು ಅದು. ಬೋರ್‌ವೆಲ್ ನೀರಿದ್ದರೆ ನಲ್ಲಿಗೆ ಬಿಳಿ ಪದರ ಕಟ್ಟುತ್ತದೆ. ಬಿಳಿ ವಿನಿಗರ್ ಅಥವಾ ಲಿಂಬೆಹುಳಿ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಹೋಗುತ್ತದೆ. ಆದರೆ 1986ರ ಮನೆ ಅಂದಿರಿ. ನೆಲ ಮೊಸಾಯಿಕ್ ಆಗಿದ್ದರೆ ಆ ಹುಳಿ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಮೊಸಾಯಿಕ್‌ನಲ್ಲಿರುವ ಮಾರ್ಬಲ್ ಚೂರನ್ನು ಹುಳಿ ತಿಂದುಹಾಕುತ್ತದೆ, ಹೊಳಪು ಹೋಗುತ್ತದೆ. ಅಂದಹಾಗೆ ಆ ನೆಲದ ಮೇಲೆ ವಿನೈಲ್ ಹಾಳೆ ಅಂಟಿಸಲು ಯಾರಾದರೂ ಹೇಳಿದರೆ ಬೇಡ ಅನ್ನಿ. ಒಂದು ದಿನ ಮಷೀನ್ ಪಾಲಿಶ್ ಮಾಡಿಸಿ ನೋಡಿ, ನೀವೇ ಕಾಲು ಇಡಲು ಹಿಂದೆಮುಂದೆ ನೋಡುತ್ತೀರಿ.

ಮಂಚಗಳನ್ನು ಮಾರಬೇಡಿ. ಇದರಲ್ಲಿ ಭಾವನೆಯ ಮಾತಿಲ್ಲ, ಪೂರಾ ವ್ಯವಹಾರ. ಇವತ್ತು ಅವನ್ನು ಮಾರಿ ಬಂದ ದುಡ್ಡಿಗೆ ಸಿಗುವ ಹೊಸ ಮಂಚ ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ಧಾರವಾಡದ ಎರಡು ಮಳೆಗಾಲ, ಮೇಲೆ ಒದ್ದೆ ಬಟ್ಟೆಯ ನೆಲ ಒರೆಸುವಿಕೆ, ಮುಗಿಯಿತು. ಕಾಲಿನ ಬುಡ ಉಬ್ಬಿ ಬಿಸ್ಕೀಟಿನ ಹಾಗೆ ಉದುರುತ್ತದೆ. ಮಕ್ಕಳು ಹತ್ತಿ ಕುಣಿದರೆ ಸ್ಕ್ರೂ ಕಿತ್ತು ಬರುತ್ತದೆ, ಮತ್ತೆ ಅದೇ ತೂತಿನಲ್ಲಿ ಕೂರುವುದಿಲ್ಲ. ಸಾಗವಾನಿ ಇನ್ನೂ ನಲವತ್ತು ವರ್ಷ ಇರುತ್ತದೆ.

ಮಂಚದ ಗಿಜಿಗಿಜಿ ಸದ್ದು ಮಾತ್ರ ನಿಲ್ಲಿಸಬೇಕು. ಬಡಿಗರನ್ನು ಕರೆಸಿ ಕೀಲು ಬಿಗಿ ಮಾಡಿಸಿ. ಕಟ್ಟಿಗೆಗೆ ಕಟ್ಟಿಗೆ ಉಜ್ಜುವ ಜಾಗದಲ್ಲಿ ಹಳೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಇಡಿಸಿ. ಒಳಗಿನ ಪಟ್ಟಿಗಳು ಬಾಗಿದ್ದರೆ 12 ಎಂ.ಎಂ. ಪ್ಲೈವುಡ್ ಹಾಕಿಸಿ, ಗಾಳಿಯಾಡಲು ಅಲ್ಲಲ್ಲಿ ರಂಧ್ರ ಕೊರೆಸಿ. ಕೀಲಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇದೆ ಅಂತ ಅರ್ಥ. ಆಗ ಮೊದಲು ಔಷಧಿ, ಆಮೇಲೆ ಪಾಲಿಶ್.

ಮೂರಡಿಯ ಆ ಎರಡೂ ಮಂಚವನ್ನು ಒಂದೇ ಕೋಣೆಯಲ್ಲಿ ಇಡಿ, ಬೇರೆಬೇರೆಯಾಗಿ. ನಮ್ಮೂರಿನ ಅತಿಥಿಗಳಿಗೆ ಇದು ಡಬಲ್ ಬೆಡ್‌ಗಿಂತ ಉಪಯೋಗ. ತಾಯಿ-ಮಗಳು, ಇಬ್ಬರು ಅಣ್ಣತಮ್ಮಂದಿರು, ಪರೀಕ್ಷೆಗೆ ಬಂದ ಗೆಳೆಯರು, ಎಲ್ಲರಿಗೂ ಹೊಂದುತ್ತದೆ. ಗಂಡಹೆಂಡತಿ ಬಂದರೆ ಎರಡನ್ನೂ ಸರಿಸಿದರೆ ಆರಡಿ ಆಯಿತು. ಇನ್ನೊಂದು ಕೋಣೆಗೆ ಮಾತ್ರ ಒಂದು ಹೊಸ ಕಬ್ಬಿಣದ ಅಥವಾ ಮರದ ಕ್ವೀನ್ ಮಂಚ ತನ್ನಿ, 5 ಅಡಿಗೆ ಆರೂವರೆ ಅಡಿ. ಈ ಅಳತೆಗೆ ಶೀಟು, ಕವರು ಎಲ್ಲ ರೆಡಿ ಸಿಗುತ್ತವೆ. ಹಳೆ ಮಂಚದ ಒಳ ಅಳತೆಯನ್ನು ಟೇಪ್ ಹಿಡಿದು ಬರೆದುಕೊಂಡು ಗಾದಿ ಮಾಡುವವರ ಹತ್ತಿರ ಹೋಗಿ. ಅವರು ಬೇಕಾದ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಕೆಳಗೆ ರೀಬಾಂಡೆಡ್ ಫೋಮ್ (ಫೋಮಿನ ಚೂರು ಒತ್ತಿ ಮಾಡಿದ ಗಟ್ಟಿ ಪದರ), ಮೇಲೆ ಒಂದೂವರೆ ಎರಡು ಇಂಚು 32 ಅಥವಾ 40 ಡೆನ್ಸಿಟಿಯ ಮೆತ್ತನೆ ಫೋಮ್ ಅಂತ ಕೇಳಿ. ಡೆನ್ಸಿಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಡಿಮೆ ಡೆನ್ಸಿಟಿಯ ಫೋಮ್ ಅಂಗಡಿಯಲ್ಲಿ ಒತ್ತಿ ನೋಡಿದಾಗ ಇನ್ನೂ ಸುಖ ಅನಿಸುತ್ತದೆ, ಆರು ತಿಂಗಳಿಗೆ ನಡುವೆ ತಗ್ಗು ಬೀಳುತ್ತದೆ.

ಹತ್ತಿ ಗಾದಿ ಯಾಕೆ ಬೇಡ ಅಂತ ಕೇಳಬಹುದು. ನನಗೂ ಅದೇ ಇಷ್ಟ, ಮನೆಯಲ್ಲಿ ಅದರ ಮೇಲೇ ಮಲಗುತ್ತೇನೆ. ಆದರೆ ಹತ್ತಿ ತೇವ ಹೀರುತ್ತದೆ, ಗಂಟು ಕಟ್ಟುತ್ತದೆ, ಆಗಾಗ ಬಿಸಿಲಿಗೆ ಹಾಕಬೇಕು, ವರ್ಷ ಎರಡು ವರ್ಷಕ್ಕೆ ಹಿಂಜಿಸಬೇಕು. ಬೆಳಗ್ಗೆ ಒಬ್ಬರು ಹೋಗಿ ಮಧ್ಯಾಹ್ನ ಇನ್ನೊಬ್ಬರು ಬರುವ ಮನೆಯಲ್ಲಿ ಅದು ಆಗದ ಮಾತು. ಆದರೆ ಮಡಚಿ ಕಪಾಟಿನಲ್ಲಿಡುವ ತೆಳು ಹತ್ತಿ ಗಾದಿ ಎರಡು ಇಟ್ಟಿರಿ. ಮದುವೆ ಸೀಸನ್‌ನಲ್ಲಿ ನಾಲ್ವರು ಅಂತ ಹೇಳಿ ಆರು ಮಂದಿ ಬರುತ್ತಾರೆ, ಪಡಸಾಲೆಯಲ್ಲಿ ಹಾಸಿಕೊಳ್ಳುತ್ತಾರೆ. ಅದಕ್ಕೆ ಸಿಟ್ಟಾಗುವ ಬದಲು ಹೆಚ್ಚಿನ ಗಾದಿಗೆ ಇಷ್ಟು ಅಂತ ಮೊದಲೇ ಬರೆದು ಹಾಕಿ.

ಸೆಕೆಂಡ್ ಹ್ಯಾಂಡ್ ಮಾಲು ಕೊಳ್ಳುವುದಾದರೆ ಮರ, ಕಬ್ಬಿಣ ಕೊಳ್ಳಿ. ಮೇಜು, ಕುರ್ಚಿ, ಕಪಾಟು ಏನೂ ತೊಂದರೆ ಇಲ್ಲ. ಬಟ್ಟೆ ಸುತ್ತಿದ ಯಾವುದೂ ಬೇಡ. ಸೋಫಾ ಅಂತೂ ಬೇಡವೇ ಬೇಡ. ಕಾರಣ ತಿಗಣೆ. ಕೊಳಕು ಮನೆಗೆ ಮಾತ್ರ ತಿಗಣೆ ಬರುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಅದು ಬರುವುದು ಬ್ಯಾಗಿನ ಜೊತೆ, ಹಳೆ ಸೋಫಾದ ಜೊತೆ. ಗಾದಿಯನ್ನು ಬಿಸಿಲಿಗೆ ಹಾಕಿದರೆ ಸಾಯುತ್ತವೆ ಅನ್ನುವುದೂ ಪೂರ್ತಿ ನಿಜ ಅಲ್ಲ. ತಿಗಣೆ ಮತ್ತು ಅದರ ಮೊಟ್ಟೆ ಸಾಯಲು 50 ಡಿಗ್ರಿ ಹತ್ತಿರದ ಶಾಖ ಒಳಗಿನ ತನಕ ಮುಟ್ಟಬೇಕು. ಬಿಸಿಲಿಗೆ ಮೇಲ್ಪದರ ಕಾಯುತ್ತದೆ, ಅವು ಒಳಗೆ ಸರಿದು ತಂಪಾಗಿ ಕೂರುತ್ತವೆ. ಆದ್ದರಿಂದ ಗಾದಿಗೆ ಜಿಪ್ ಇರುವ ವಾಟರ್‌ಪ್ರೂಫ್ ಕವರ್ ಹಾಕಿ. ಪ್ರತಿ ಕೋಣೆಯಲ್ಲಿ ಬ್ಯಾಗ್ ಇಡಲು ಒಂದು ಸಣ್ಣ ಬೆಂಚು ಇರಲಿ, ಬ್ಯಾಗು ಮಂಚದ ಮೇಲೆ ಬರುವುದಿಲ್ಲ. ಅತಿಥಿ ಹೋದ ಮೇಲೆ ಗಾದಿಯ ಹೊಲಿಗೆ ಸಾಲನ್ನು ಟಾರ್ಚ್ ಹಾಕಿ ಒಮ್ಮೆ ನೋಡುವ ರೂಢಿ ಮಾಡಿಕೊಳ್ಳಿ. ಕರಿ ಚುಕ್ಕೆ ಕಂಡರೆ ಆ ಕೋಣೆ ಬಂದ್, ಪೆಸ್ಟ್ ಕಂಟ್ರೋಲಿನವರಿಗೆ ಫೋನ್.

ಈಗ ಬಿಳಿ ಶೀಟು. ಅಳಿಯ ಹೇಳಿದ್ದರಲ್ಲಿ ಇದೊಂದು ಸರಿ ಇದೆ, ಆದರೆ ಕಾರಣ ಚೆಂದ ಅಂತ ಅಲ್ಲ. ಬಿಳಿ ಬಟ್ಟೆಯನ್ನು ಬಿಸಿ ನೀರು, ಬ್ಲೀಚ್ ಎರಡರಲ್ಲೂ ಹಾಕಬಹುದು. ಬಣ್ಣದ್ದು ಒಂದು ಕಡೆ ಮಾಸಿದರೆ ಪೂರಾ ಸೆಟ್ ಹಾಳು. ಅರಿಸಿನದ ಕಲೆಗೆ ಹೆದರಬೇಡಿ. ಸೋಪು ಹಚ್ಚಿದ ಕೂಡಲೇ ಅದು ಕೆಂಪಾಗುತ್ತದೆ, ನೋಡಿ ಗಾಬರಿಯಾಗುತ್ತೇವೆ. ಅದು ಕುಂಕುಮ ಮಾಡುವ ವಿದ್ಯೆಯೇ, ಅರಿಸಿನ ಕ್ಷಾರಕ್ಕೆ ತಾಗಿ ಬಣ್ಣ ಬದಲಿಸಿತು ಅಷ್ಟೆ. ಚೆನ್ನಾಗಿ ಒಗೆದು, ಒದ್ದೆಯಿದ್ದಾಗಲೇ ನೇರ ಬಿಸಿಲಿಗೆ ಹಾಕಿ. ಅರಿಸಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ಒಂದೆರಡು ದಿನದಲ್ಲಿ ಮಾಯ. ತಲೆಗೆಣ್ಣೆ ಹಾಗಲ್ಲ. ಅದು ದಿಂಬಿನ ಕವರಿನಲ್ಲಿ ಹಳದಿಯಾಗಿ ಕೂತು ಕಮಟು ವಾಸನೆ ಹೊಡೆಯುತ್ತದೆ. ಒಗೆಯುವ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಅರ್ಧ ಗಂಟೆ ಬಿಡಿ. ದಿಂಬಿಗೆ ಒಳಗೊಂದು ಜಿಪ್ ಕವರ್ ಇದ್ದರೆ ಎಣ್ಣೆ ಹತ್ತಿಯ ತನಕ ಇಳಿಯುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವ ಬೋರ್‌ವೆಲ್ ಆದರೆ ಕ್ಲೋರಿನ್ ಬ್ಲೀಚ್ ಹಾಕಬೇಡಿ. ಕಬ್ಬಿಣ ತುಕ್ಕಾಗಿ ಬಟ್ಟೆಯಲ್ಲೇ ಕೂತು ಶೀಟು ಹಳದಿ ಆಗುತ್ತದೆ. ಎಷ್ಟು ಬ್ಲೀಚ್ ಹಾಕಿದರೂ ಇನ್ನಷ್ಟು ಹಳದಿ. ಆಕ್ಸಿಜನ್ ಬ್ಲೀಚ್ ಪುಡಿ ಸಿಗುತ್ತದೆ, ಬಿಸಿ ನೀರಿನಲ್ಲಿ ಅದನ್ನು ಬಳಸಿ. ಶೀಟು ಪ್ರತಿ ಮಂಚಕ್ಕೆ ಮೂರು ಜೊತೆ ಬೇಕು: ಒಂದು ಹಾಸಿದ್ದು, ಒಂದು ಒಗೆಯೋಕೆ ಹೋಗಿದ್ದು, ಒಂದು ಕಪಾಟಿನಲ್ಲಿ. ಧಾರವಾಡದ ಜುಲೈ ನಿಮಗೆ ಗೊತ್ತೇ ಇದೆ, ಮೂರು ದಿನ ಬಟ್ಟೆ ಒಣಗುವುದಿಲ್ಲ. ಆಗ ನಾಲ್ಕನೇ ಜೊತೆ ಇದ್ದರೆ ನೆಮ್ಮದಿ. ಥ್ರೆಡ್ ಕೌಂಟ್, ಅಂದರೆ ಒಂದು ಚದರ ಇಂಚಿನಲ್ಲಿರುವ ನೂಲಿನ ಎಳೆ, 200ರಿಂದ 300 ಸಾಕು. ಅದಕ್ಕಿಂತ ದೊಡ್ಡ ಸಂಖ್ಯೆಗೆ ದುಡ್ಡು ಕೊಡಬೇಡಿ.

ಬೆಳಕು. ಕಡಿಮೆ ದುಡ್ಡಿಗೆ ಮನೆಯ ಮುಖ ಬದಲಿಸುವುದು ಇದೊಂದೇ. ಅಂಗಡಿಯಲ್ಲಿ ಎಲ್‌ಇಡಿ ಬಲ್ಬ್ ಕೇಳಿದರೆ ಕೈಗೆ ಬರುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿ ಬಿಳಿ. ಅದು ಮೆಡಿಕಲ್ ಶಾಪಿಗೆ ಸರಿ. ಮಲಗುವ ಕೋಣೆಗೆ, ಪಡಸಾಲೆಗೆ 2700 ಅಥವಾ 3000 ಕೆಲ್ವಿನ್ ಅಂತ ಡಬ್ಬಿಯ ಮೇಲೆ ಓದಿ ತನ್ನಿ. ಅಡುಗೆಮನೆಗೆ 4000. ಒಂದೇ ಕೋಣೆಯಲ್ಲಿ ಎರಡು ಬಣ್ಣದ ಬೆಳಕು ಬೇಡ, ಫೋಟೋದಲ್ಲಿ ಗೋಡೆ ಒಂದು ಕಡೆ ನೀಲಿ, ಒಂದು ಕಡೆ ಹಳದಿ ಕಾಣುತ್ತದೆ. ಪ್ರತಿ ಮಂಚದ ಪಕ್ಕ ಒಂದು ಓದುವ ದೀಪ, ಒಂದು ಪ್ಲಗ್ ಪಾಯಿಂಟ್, ಮಲಗಿದಲ್ಲಿಂದಲೇ ಆರಿಸುವ ಟೂ ವೇ ಸ್ವಿಚ್. ಎಲೆಕ್ಟ್ರಿಷಿಯನ್ ಬಂದಾಗ ಹಳೆ ವೈರಿಂಗ್ ಪೂರಾ ನೋಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಶಾಕ್ ಹೊಡೆದರೆ ಕರೆಂಟನ್ನು ತಾನೇ ಕಡಿಯುವ ಸ್ವಿಚ್, ಹಾಕಿಸಿ. ಇದನ್ನು ಮಾತ್ರ ಮುಂದೂಡಬೇಡಿ. ಅತಿಥಿಗಳು ಬ್ಯಾಗಿನಲ್ಲಿ ನೀರು ಕಾಯಿಸುವ ಕಾಯಿಲ್ ತಂದು ಸಣ್ಣ ಪ್ಲಗ್ಗಿಗೆ ಸಿಕ್ಕಿಸುವುದನ್ನು ನಾನೇ ಕಂಡಿದ್ದೇನೆ.

ಏಸಿ ಈಗ ಬೇಡ. ಧಾರವಾಡ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿದೆ. ಏಪ್ರಿಲ್, ಮೇ ತಿಂಗಳಲ್ಲೂ ಸಂಜೆ ಗಾಳಿ ತಂಪಾಗುತ್ತದೆ. ಆದರೂ ಮೇಲಿನ ಮನೆಯಲ್ಲಿ ರಾತ್ರಿ ಸೆಕೆ ಯಾಕೆ? ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಶಾಖ ಕೆಳಗೆ ಬಿಡುತ್ತದೆ. ಅದಕ್ಕೇ ಟೆರೇಸಿಗೆ ಬಿಳಿ ಲೇಪ ಅಂದದ್ದು. ಬಿಳಿ ಮೇಲ್ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ, ಒಂದೇ ಖರ್ಚಿನಲ್ಲಿ ಸೋರಿಕೆಯೂ ಸೆಕೆಯೂ ಕಡಿಮೆ. ಫ್ಯಾನು ಹಳೆಯದಿದ್ದರೆ ಬಿಎಲ್‌ಡಿಸಿ ಫ್ಯಾನ್ ಹಾಕಿ, ಹಳೆಯದು 75 ವ್ಯಾಟ್ ತಿನ್ನುವ ಕಡೆ ಇದು 30ರ ಆಸುಪಾಸು ತಿನ್ನುತ್ತದೆ. ವರ್ಷ ಕಳೆದು ಕೈಯಲ್ಲಿ ದುಡ್ಡು ಉಳಿದರೆ ಒಂದು ಕೋಣೆಗೆ ಏಸಿ ಹಾಕಿಸಿ, ಅದಕ್ಕೆ ಬೇರೆಯೇ ದಪ್ಪ ವೈರಿನ ಲೈನ್ ಎಳೆಸಿ. ಇದರಲ್ಲಿ ಒಂದು ನಷ್ಟ ಇದೆ, ಮುಚ್ಚಿಡುವುದಿಲ್ಲ: ಏಸಿ ಇಲ್ಲ ಅಂತ ಬೇಸಿಗೆಯಲ್ಲಿ ಕೆಲವರು ಬರುವುದಿಲ್ಲ. ಇಲ್ಲ ಅಂತ ಮೊದಲೇ ಬರೆದಿದ್ದರೆ ಬಂದವರಿಂದ ದೂರು ಬರುವುದಿಲ್ಲ.

ಪರದೆ ಕೊಳ್ಳುವ ಮೊದಲು ಕಿಟಕಿಗೆ ಸೊಳ್ಳೆ ಜಾಲರಿ. ವೆಲ್ಕ್ರೋ ಪಟ್ಟಿಯ ಜಾಲರಿ ಅಗ್ಗ, ನೀವೇ ಅಂಟಿಸಬಹುದು. ಪರದೆಯ ರಾಡನ್ನು ಕಿಟಕಿಗಿಂತ ಅರ್ಧ ಅಡಿ ಮೇಲೆ, ಎರಡೂ ಬದಿ ಅರ್ಧರ್ಧ ಅಡಿ ಆಚೆ ಹಾಕಿಸಿ, ಬಟ್ಟೆ ನೆಲದ ತನಕ ಇಳಿಯಲಿ. ನಾಲ್ಕಡಿ ಕಿಟಕಿ ದೊಡ್ಡದಾಗಿ ಕಾಣುತ್ತದೆ. ಬಟ್ಟೆಗೆ ಒಮ್ಮೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬನ್ನಿ. ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘ ಅಲ್ಲೇ ಇದೆ. ಖಾದಿಯ ಮೂಲಕ ಬರುವ ಬೆಳಗಿನ ಬೆಳಕಿಗೆ ಪಾಲಿಸ್ಟರ್ ಸಾಟಿಯಲ್ಲ. ಹೊಲಿಸುವ ಮೊದಲು ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ನೆಲದಿಂದ ಗೇಣು ಮೇಲೆ ನಿಲ್ಲುತ್ತದೆ. ಅಗಲ ರಾಡಿನ ಎರಡು ಪಟ್ಟು ಇರಲಿ.

ಅಡುಗೆಮನೆಗೆ ಕುಕ್ಕರ್, ಚಹಾ ಪಾತ್ರೆ, ಹಂಚು, ಆರು ತಟ್ಟೆ, ಆರು ಕಪ್ಪು ಬಸಿ. ಬಟ್ಟೆ ಒಣಗಿಸಲು ಹಗ್ಗ. ಅಷ್ಟು ಸಾಕು.

ಲೆಕ್ಕ ಹೇಳಿ ಅಂತ ನೀವು ಕೇಳುತ್ತೀರಿ, ಗೊತ್ತು. ನಾನಾಗಿದ್ದರೆ ಟೆರೇಸು, ಛಜ್ಜಾಕ್ಕೆ 30 ಸಾವಿರ ಎತ್ತಿಡುತ್ತಿದ್ದೆ. ಬಚ್ಚಲಿಗೆ 20. ಒಂದು ಹೊಸ ಮಂಚ, ಹಳೆಯದರ ರಿಪೇರಿ, ಎಲ್ಲ ಗಾದಿಗೆ ಸೇರಿ 35. ಶೀಟು, ದಿಂಬು, ಕವರು, ಟವಲ್ಲಿಗೆ 16. ವೈರಿಂಗ್, ದೀಪಕ್ಕೆ 14. ಜಾಲರಿ, ಪರದೆಗೆ 12. ಅಡುಗೆಮನೆಗೆ 8. ಉಳಿದ 15 ಸಾವಿರ ಮುಟ್ಟುವ ಹಾಗಿಲ್ಲ. ಮೊದಲ ಮೂರು ತಿಂಗಳಲ್ಲಿ ಏನೋ ಒಂದು ಒಡೆಯುತ್ತದೆ, ಕೆಡುತ್ತದೆ, ಅದಕ್ಕೆ. ಸೋರಿಕೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಿದ್ದರೆ ಪರದೆಯ ದುಡ್ಡು ಅಲ್ಲಿಗೆ ಹೋಗಲಿ, ಹಳೆ ಹತ್ತಿ ಸೀರೆ ಎರಡು ತಿಂಗಳು ಪರದೆಯಾಗಿ ಇರಲಿ. ಇನ್ನೊಂದು ಮಾತು, ಇದು ಅಲಂಕಾರದ್ದಲ್ಲ: ವಿದೇಶಿ ಪಾಸ್‌ಪೋರ್ಟಿನವರು ಬಂದು ತಂಗಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರದ ಸರಕಾರಿ ಫಾರ್ಮ್ ತುಂಬಬೇಕು. ಸಂಗೀತಕ್ಕೆ ಅಂತ ಧಾರವಾಡಕ್ಕೆ ಅಂಥವರೂ ಬರುತ್ತಾರೆ.

ಗೋಡೆ ಅಲಂಕಾರಕ್ಕೆ ನಾನು ಒಂದು ರೂಪಾಯಿ ಇಟ್ಟಿಲ್ಲ, ಗಮನಿಸಿದಿರಾ? ನಿಮ್ಮ ಮನೆಯಲ್ಲೇ ಇದೆಯಲ್ಲ. ಹರಿದ ಇಳಕಲ್ ಸೀರೆಯ ಸೆರಗು, ಕಸೂತಿ ಇದ್ದ ಹಳೆ ಕುಪ್ಪಸ, ಒಂದು ಖಣ, ಯಾವುದಾದರೂ ಒಂದನ್ನು ಫ್ರೇಮ್ ಹಾಕಿಸಿ. ಒಂದೇ. ಮಾರ್ಕೆಟ್ಟಿನಲ್ಲಿ ಕಸೂತಿ ಅಂತ ಕೊಳ್ಳುವುದಾದರೆ ಬಟ್ಟೆ ತಿರುವಿ ಹಿಂಬದಿ ನೋಡಿ. ಕಸೂತಿಯ ಒಂದು ಬಗೆಯಾದ ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ, ಹಿಂದೆ ಮುಂದೆ ಎರಡೂ ಒಂದೇ ಥರ, ಗಂಟು ಇರುವುದಿಲ್ಲ. ಹಿಂದೆ ದಾರ ಜಾಲಾಡಿದರೆ ಅದು ಗವಂತಿ ಅಲ್ಲ. ಮಂಚದ ಕಾಲ ಕಡೆಗೆ ಒಂದು ಕೌದಿ ಮಡಚಿ ಹಾಕಿ. ಅತ್ತೆ ಹೊಲಿದ ಕೌದಿ ಬೇಡ, ಅದು ಕೆಳಗೆ ನಿಮ್ಮ ಕಪಾಟಿನಲ್ಲಿರಲಿ. ಕೌದಿ ಹೊಲಿಯುವ ಹೆಂಗಸರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ. ಹಳೆ ಸೀರೆ ನೀವು ಕೊಡಿ, ಹೊಲಿಗೆಯ ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಒಂದು ಗೇಣು ಜಾಗದಲ್ಲಿ ಎಷ್ಟು ಸಲ ಸೂಜಿ ಹೋಗಿದೆ ಅಂತ ಒಮ್ಮೆ ಎಣಿಸಿ ನೋಡಿ.

ಜಮಖಾನ ಮಾತ್ರ ನೆಲಕ್ಕೆ ಹಾಸಬೇಡಿ. ನವಲಗುಂದದಲ್ಲಿ ಇದನ್ನು ನೇಯುವವರು ಹೆಂಗಸರು, ಈಗ ಕೆಲವೇ ಮನೆ ಉಳಿದಿವೆ. 2011ರಲ್ಲಿ ಇದಕ್ಕೆ ಜಿಐ, ಅಂದರೆ ಇದು ಆ ಊರಿನದೇ ಮಾಲು ಅನ್ನುವ ಸರಕಾರಿ ಗುರುತು ಸಿಕ್ಕಿದೆ. ನಿಮ್ಮ ಅತ್ತೆಯದು ಕಳೆದರೆ ಅಂಥದ್ದೇ ಇನ್ನೊಂದು ಹುಡುಕುವುದು ಕಷ್ಟ. ಪಡಸಾಲೆಯ ಮೂಡಣ ಗೋಡೆಗೆ ತೂಗುಹಾಕಿ, ಹಸಿ ಬರುವ ಪಡುವಣ ಗೋಡೆಗೆ ಅಲ್ಲ. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲು ನೇರ ಬೀಳುವ ಕಡೆಯೂ ಬೇಡ, ಬಣ್ಣ ಹೋಗುತ್ತದೆ. ಮೊಳೆ ಹೊಡೆಯಬೇಡಿ. ಮೇಲಂಚಿನ ಹಿಂಬದಿಗೆ ಉದ್ದಕ್ಕೂ ನಾಲ್ಕು ಇಂಚಿನ ಹತ್ತಿ ಪಟ್ಟಿ ಹೊಲಿಸಿ, ಅದರೊಳಗೆ ಪರದೆಯ ರಾಡು ತೂರಿಸಿ, ಭಾರ ಇಡೀ ಅಂಚಿಗೆ ಸಮನಾಗಿ ಬೀಳುತ್ತದೆ. ಆರು ತಿಂಗಳಿಗೊಮ್ಮೆ ಇಳಿಸಿ ಝಾಡಿಸಿ, ಒಂದು ದಿನ ನೆರಳಿನಲ್ಲಿ ಗಾಳಿಗೆ ಹರವಿಡಿ. ಪೆಟ್ಟಿಗೆಯಿಂದ ತೆಗೆಯುವಾಗ ಮಡಿಕೆಯ ಗೆರೆಯಲ್ಲಿ ನೂಲು ಸವೆದಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಸವೆದಿದ್ದರೆ ಮೊದಲು ಅಲ್ಲಿ ಹಿಂಬದಿಯಿಂದ ಒಂದು ಬಟ್ಟೆ ಕೊಟ್ಟು ಹೊಲಿಸಿ, ಆಮೇಲೆ ತೂಗುಹಾಕಿ.